ಕಬ್ಬಿಣಕ್ಕೆ ಕೊಟ್ಟರು

ನನ್ನ ಅಕ್ಕನ ಎರಡು ಮೊಣಕಾಲಿಗೂ ಕಬ್ಬಿಣ ಹಾಕಿಸಲು ವಿಮೆಯವರು ದುಡ್ಡು ಕೊಟ್ಟರು. ಆ ಮೊಣಕಾಲುಗಳನ್ನು ಆಡಿಸಲು ಕೊಡಲಿಲ್ಲ. ಕಥೆ ಇಷ್ಟೇ. ಬಾಯಿ ಮುಚ್ಚಿಕೊಂಡು ಕೂರಬಹುದಿತ್ತು. ಆದರೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಹೇಳುತ್ತಿದ್ದೇನೆ.

ನಾವಿಬ್ಬರೂ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದೆವು. ಅದಿರುವುದು ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲ. ರೋಗಿಗಳ ಹಾಸು, ಹೊದಿಕೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲ ಮೂಟೆಯಾಗಿ ನಮ್ಮ ಮುಂದೆ ಬಂದು ಬೀಳುತ್ತವೆ. ರಕ್ತ, ಕೀವು, ವಾಂತಿ, ಹೇಲು. ಮೊದಲು ಕೈಯಲ್ಲಿ ಬಿಡಿಸಿ ವಿಂಗಡಿಸಬೇಕು. ಒಳಗೆ ಸೂಜಿ ಸಿಕ್ಕಿಕೊಂಡಿರುತ್ತದೆ. ಚುಚ್ಚಿದ ಮೇಲೆ ಗೊತ್ತಾಗುತ್ತದೆ. ಒಗೆಯುವುದು ಮೆಷಿನ್ ಅಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಮೆಷಿನ್ನಿನ ಬಾಯಿಗೆ ತುಂಬುವವರು ನಾವು. ಒದ್ದೆ ಬಟ್ಟೆಯನ್ನು ಎಳೆದೆಳೆದು ಗಾಡಿಗೆ ಹಾಕುವವರು ನಾವು. ಆ ಗಾಡಿಯನ್ನು ಒಣಗಿಸುವ ಕಡೆಗೆ ತಳ್ಳಿಕೊಂಡು ಹೋಗುವವರೂ ನಾವೇ. ಸಂಜೆ ಹೊತ್ತಿಗೆ ಸೊಂಟ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಒಣಗಿದ ಹಾಸುಗಳನ್ನು ಮಡಿಸುವುದು ಇಬ್ಬರ ಕೆಲಸ. ಒಬ್ಬಳು ಎರಡು ತುದಿ ಹಿಡಿದರೆ ಎದುರಿಗಿದ್ದವಳು ಉಳಿದೆರಡು ತುದಿ ಹಿಡಿಯುತ್ತಾಳೆ. ಕರೆಯುವುದಿಲ್ಲ, ಹೇಳುವುದಿಲ್ಲ. ಒಮ್ಮೆ ಕೊಡವಿ, ಎಳೆದು, ಇಬ್ಬರೂ ಎದುರುಬದುರಾಗಿ ನಡೆದು ತುದಿಗೆ ತುದಿ ಸೇರಿಸಬೇಕು. ತುದಿ ಹಿಡಿದು ನಿಂತವಳನ್ನು ಕಾಯಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮುದ್ದೆಯಾದ ಹಾಸನ್ನು ಕಂಡೂ ಕಾಣದ ಹಾಗೆ ಹೋಗುವುದೂ ಅಷ್ಟೇ. ಅದು ಕೈಗೆ ಹತ್ತಿಬಿಟ್ಟ ರೂಢಿ.

ಗಾಡಿಗಳಲ್ಲೊಂದರ ಬ್ರೇಕು ಕೆಟ್ಟಿತ್ತು. ಅಕ್ಕ ಮೇಸ್ತ್ರಿಗೆ ಹೇಳಿದ್ದಳು. “ಕಾಲು ಅಡ್ಡ ಕೊಟ್ಟು ನಿಲ್ಸಮ್ಮ. ಇಷ್ಟು ವರ್ಷ ಏನ್ ಕಲ್ತೆ ಇಲ್ಲಿ?” ಎಂದಿದ್ದ. ಲಿಫ್ಟಿನ ಮುಂದೆ ನೆಲ ಇಳಿಜಾರು. ಒದ್ದೆ ಬಟ್ಟೆ ತುಂಬಿದ ಗಾಡಿ ಅಲ್ಲಿ ಜಾರಿತು. ಅಕ್ಕ ಕಾಲು ಅಡ್ಡ ಕೊಟ್ಟಳು. ಗಾಡಿ ಅವಳನ್ನು ಗೋಡೆಗೆ ಅದುಮಿ ನಿಂತಿತು. ಎರಡೂ ಮೊಣಕಾಲು ಪುಡಿ.

ಲಿಫ್ಟಿನ ಬಾಗಿಲು ತೆರೆದಾಗ ಒಳಗಿದ್ದವರು ಭಾವ. ಲಿಫ್ಟ್ ನಡೆಸುವುದು ಅವರ ಕೆಲಸ. “ಊರನ್ನೆಲ್ಲ ಮೇಲೆ ಹತ್ತಿಸ್ದೆ, ನಾನೊಬ್ಬ ಉದ್ಧಾರ ಆಗ್ಲಿಲ್ಲ” ಎಂದು ಎಲ್ಲರನ್ನೂ ನಗಿಸುತ್ತಿದ್ದವರು. ಅವತ್ತು ಹೆಂಡತಿಯನ್ನು ಸ್ಟ್ರೆಚರಿನಲ್ಲಿ ಹಾಕಿಕೊಂಡು ತಾವೇ ಮೇಲೆ ಕರೆದುಕೊಂಡು ಹೋದರು. ಬಟನ್ ಒತ್ತಲು ಅವರ ಬೆರಳು ಬರಲಿಲ್ಲ. ನಾನು ಒತ್ತಿದೆ.

ನಮ್ಮ ಸಂಬಳದಲ್ಲಿ ಪ್ರತಿ ತಿಂಗಳೂ ಕಾರ್ಮಿಕರ ವಿಮೆ ಎಂದು ಮುರಿದುಕೊಳ್ಳುತ್ತಾರೆ. ಅದರಿಂದ ಆಪರೇಷನ್ ಆಯಿತು. ಕಬ್ಬಿಣದ ಪಟ್ಟಿ, ಸ್ಕ್ರೂ, ಮಂಚ, ಔಷಧ, ಎಲ್ಲಕ್ಕೂ ಕೊಟ್ಟರು. ಸುಳ್ಳು ಹೇಳಬಾರದು, ತಡ ಕೂಡ ಮಾಡಲಿಲ್ಲ.

ಹೊಲಿಗೆ ಒಣಗಿದ ಮೇಲೆ ಅಕ್ಕನನ್ನು ವ್ಯಾಯಾಮದ ಹಾಲಿಗೆ ಕಳಿಸಿದರು. ಅಲ್ಲೊಂದು ಬಿಸಿನೀರಿನ ಕೊಳವಿದೆ. ಅಲ್ಲಿಯ ಟವೆಲ್ಲುಗಳನ್ನು ವರ್ಷಗಟ್ಟಲೆ ಒಗೆದಿದ್ದೆವು, ಕೊಳವನ್ನು ಕಂಡಿರಲಿಲ್ಲ. ವ್ಯಾಯಾಮ ಮಾಡಿಸುವ ಮೇಡಂ ತಾವೂ ನೀರಿಗಿಳಿದು ಅಕ್ಕನ ಕಾಲನ್ನು ಅಂಗೈಮೇಲೆ ಇಟ್ಟುಕೊಂಡು ಮಡಚಿಸಿದರು, ಚಾಚಿಸಿದರು. ಅಕ್ಕ ಕಿರುಚಿದಳು. ಮೇಡಂ ಬಿಡಲಿಲ್ಲ. ಕೆಲವು ದಿನ ಕಳೆದ ಮೇಲೆ ಅಕ್ಕ ಕಂಬಿ ಹಿಡಿದು ನೀರಿನಲ್ಲಿ ನಡೆದಳು. ಆಮೇಲೆ ನೀರಿನ ಹೊರಗೂ ಒಂದೆರಡು ಹೆಜ್ಜೆ ಇಟ್ಟಳು.

“ನೀರು ನನ್ನ ಎತ್ಕೊಂಡುಬಿಡ್ತು ಕಣೇ. ಇಷ್ಟು ವರ್ಷ ಬರೀ ನಾನು ನೀರು ಎತ್ತಿದ್ದೆ” ಎಂದು ನಕ್ಕಳು. ಆಪರೇಷನ್ ಆದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಮೂಳೆ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. “ನಾನು ಮಾಡಿರೋದು ಅರ್ಧ ಕೆಲಸ. ಉಳಿದ ಅರ್ಧ ವ್ಯಾಯಾಮ. ಇನ್ನೂ ಆರು ತಿಂಗಳು ಬೇಕು, ಅದೂ ಗೊತ್ತಿರೋರ ಕೈಯಲ್ಲಿ. ಬಿಟ್ರೆ ಮೊಣಕಾಲು ಹೇಗಿದ್ಯೋ ಹಾಗೇ ಗಟ್ಟಿಯಾಗುತ್ತೆ. ಆಮೇಲೆ ನನ್ನ ಹತ್ರ ಬಂದು ಅತ್ರೆ ನಾನೂ ಏನೂ ಮಾಡಕ್ಕಾಗಲ್ಲ.” ಹೇಳಿದ್ದನ್ನೇ ಬರೆದೂ ಕೊಟ್ಟರು. ಮಂಚ ಬೇರೆಯವರಿಗೆ ಬೇಕಾಗಿತ್ತು. ಮನೆಗೆ ಕಳಿಸಿದರು.

ಆಗ ಗೊತ್ತಾಯಿತು. ಆಸ್ಪತ್ರೆಯಲ್ಲಿ ಮಲಗಿರುವ ತನಕ ವ್ಯಾಯಾಮ ವಿಮೆಯ ಒಳಗೆ. ಹೊಸ್ತಿಲು ದಾಟಿದರೆ ಹೊರಗೆ. ಕೈಯಿಂದ ಕೊಟ್ಟು ಮಾಡಿಸಬೇಕೆಂದರೆ ನಾನೂ ಭಾವನೂ ಉಪವಾಸ ದುಡಿದರೂ ಆಗುವ ಮಾತಲ್ಲ.

ವಿಮೆಯ ಕಚೇರಿಗೆ ಹೋದೆ. ಗಾಜಿನ ಹಿಂದೆ ಕೂತಿದ್ದ ಸಾಹೇಬರು ಡಾಕ್ಟರ ಚೀಟಿ ನೋಡಿದರು. ನನ್ನನ್ನು ನೋಡಲಿಲ್ಲ.

“ವ್ಯಾಯಾಮ ಅಂದ್ರೆ ಚಿಕಿತ್ಸೆ ಅಲ್ಲಮ್ಮ.”

“ಡಾಕ್ಟರೇ ಬರ್ದಿದಾರಲ್ಲ ಸರ್.”

“ಡಾಕ್ಟ್ರು ಏನ್ ಬೇಕಾದ್ರೂ ಬರೀತಾರೆ. ನಂಗೂ ಬರ್ದಿದಾರೆ, ದಿನಾ ವಾಕಿಂಗ್ ಮಾಡು ಅಂತ. ಮಾಡ್ತೀನಪ್ಪ. ನಂಗೆ ಯಾರಾದ್ರೂ ದುಡ್ಡು ಕೊಡ್ತಾರಾ?”

“ನಿಮ್ಮ ಮೊಣಕಾಲಿನ ಮೇಲೆ ಯಾರೂ ಗಾಡಿ ಹತ್ತಿಸಿಲ್ಲ ಸರ್.”

ಆಗ ನನ್ನ ಮುಖ ನೋಡಿದರು. ಪಕ್ಕದ ಮೇಜಿನವನು ಕಿಸಕ್ಕನೆ ನಕ್ಕ. “ಬಿಸಿನೀರಿನ ಕೊಳ ಅಂತೆ” ಎಂದು ಅವನಿಗೆ ಚೀಟಿ ತೋರಿಸಿದರು. “ನಮ್ಮ ಮನೇಲೇ ಇಲ್ಲ. ನೀವು ಒಗೆಯೋರಲ್ವೇನಮ್ಮ? ಕೆಲಸದಲ್ಲಿ ನೀರು ಇರುತ್ತಲ್ಲ, ಅಲ್ಲೇ ಕಾಲು ಆಡಿಸ್ಕೊಂಡ್ರೆ ಆಯ್ತಪ್ಪ.”

ಅವತ್ತು ಗಾಜು ಒಡೆಯಬೇಕಾಗಿತ್ತು. ಒಡೆಯಲಿಲ್ಲ. ಕೈಮುಗಿದೆ. ಬೇರೆ ದಾರಿ ಇದೆಯಾ ಎಂದು ಬೇಡಿದೆ. ತಪಾಸಣೆಗೆ ಹಾಕಿಕೊಳ್ಳಿ, ಅಲ್ಲಿಯ ಡಾಕ್ಟರು ಒಪ್ಪಿದರೆ ನೋಡೋಣ ಎಂದರು. ದಿನ ಗೊತ್ತುಮಾಡಲು ಐದು ವಾರ ತೆಗೆದುಕೊಂಡರು.

ಆ ಐದು ವಾರ ಅಕ್ಕ ಗೋಡೆ ಹಿಡಿದು ತಾನೇ ನಡೆಯಲು ನೋಡಿದಳು. ನಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ಮೇಡಂ ಅವರನ್ನು ಹಿಡಿದು ನಿಲ್ಲಿಸಿದೆ. “ಸಂಜೆ ಮೇಲೆ ಬಂದು ಒಂದ್ಸಲ ಮಾಡಿಸಿ ಮೇಡಂ, ಯಾರಿಗೂ ಗೊತ್ತಾಗಲ್ಲ.” ಆಕೆ ಅತ್ತಿತ್ತ ನೋಡಿದರು. “ಗೊತ್ತಾದ್ರೆ ನನ್ ಕೆಲಸ ಹೋಗುತ್ತಮ್ಮ. ನಾನೂ ಕಾಂಟ್ರಾಕ್ಟಿನವಳೇ” ಎಂದರು. ಆದರೂ ಅಲ್ಲೇ ಗೋಡೆಗೊರಗಿ ತಮ್ಮ ಕಾಲನ್ನೇ ಮಡಚಿ ಚಾಚಿ ತೋರಿಸಿದರು. ನಾನು ಮನೆಗೆ ಬಂದು ಹಾಗೇ ಮಾಡಿದೆ. ಅಕ್ಕ ಕಿರುಚಿದಳು. ನನ್ನ ಕೈ ನಿಂತುಹೋಯಿತು. ಮಾರನೆಯ ದಿನ ಮೇಡಂಗೆ ಹೇಳಿದರೆ ಅವರ ಕಣ್ಣಲ್ಲಿ ನೀರು. “ನೋವಾದ್ರೆ ನಿಲ್ಲಿಸಬಾರ್ದಮ್ಮ. ಯಾವ ನೋವಿಗೆ ನಿಲ್ಲಿಸ್ಬೇಕು, ಯಾವುದಕ್ಕೆ ನಿಲ್ಲಿಸ್ಬಾರ್ದು ಅಂತ ಕಲಿಯೋಕೇ ನಾನು ಅಷ್ಟು ವರ್ಷ ಓದಿದ್ದು.” ನಾನು ಓದಿಲ್ಲ. ಅಕ್ಕ ಅಯ್ಯೋ ಅಂದರೆ ನಿಲ್ಲಿಸುತ್ತೇನೆ. ತಂಗಿಯಾದವಳು ಇನ್ನೇನು ಮಾಡುತ್ತಾಳೆ?

ತಪಾಸಣೆಯ ದಿನ ಬಂತು. ಭಾವ ಅಕ್ಕನನ್ನು ಆಟೋದಿಂದ ಎತ್ತಿ ಇಳಿಸಿ ಕೆಲಸಕ್ಕೆ ಓಡಿದರು. ಒಳಗೆ ನಾವಿಬ್ಬರೇ ಹೋದೆವು. ಬಿಳಿ ಕೋಣೆ, ಒಂದು ಮೇಜು, ಒಂದು ಮಂಚ. ಡಾಕ್ಟರು ಒಳ್ಳೆಯ ಮಾತಿನವರು. ಕೂತ್ಕೊಳ್ಳಿ ಎಂದರು, ಮಲಕ್ಕೊಳ್ಳಿ ಎಂದರು, ಕಾಲು ಎತ್ತಿ ಎಂದರು. ಅಕ್ಕ ಹಲ್ಲು ಕಚ್ಚಿ ಎತ್ತಿದಳು. ಪೂರ್ತಿ ಮಡಚಲು ಆಗಲಿಲ್ಲ, ಪೂರ್ತಿ ಚಾಚಲೂ ಆಗಲಿಲ್ಲ. ಅವರು ತಲೆ ಅಲ್ಲಾಡಿಸುತ್ತ ಬರೆದುಕೊಂಡರು. ಆಯಿತು, ಇಳೀರಿ ಎಂದರು. ನನಗೆ ಆಸೆ ಹುಟ್ಟಿತು.

ಅಕ್ಕ ಮಂಚ ಹಿಡಿದು ಇಳಿದಳು. ತಿರುಗಿ ನೋಡಿದಳು. ಅವಳು ಹೊರಳಾಡಿದ್ದಕ್ಕೆ ಹಾಸು ಮುದ್ದೆಯಾಗಿ ಕಾಲ ಬಳಿ ಬಿದ್ದಿತ್ತು. ಅವಳ ಕೈ ಹೋಗಿ ಎರಡು ತುದಿ ಹಿಡಿಯಿತು.

ನನ್ನ ಕೈ ಉಳಿದೆರಡು ತುದಿ ಹಿಡಿಯಿತು.

ಕೊಡವಿದೆವು. ಎಳೆದೆವು. ಎದುರುಬದುರಾಗಿ ನಡೆದೆವು. ಅಕ್ಕ ಗೋಡೆ ಹಿಡಿಯದೆ ಎರಡು ಹೆಜ್ಜೆ ಬಂದು ನನ್ನ ಕೈಗೆ ತುದಿ ಕೊಟ್ಟಳು. ಮಡಿಸಿ ಮಂಚದ ಮೇಲೆ ಇಟ್ಟಳು. ಅಂಚು ಸರಿಮಾಡಿದಳು. ನೋವಿಗೆ ಅವಳ ಹಣೆಯೆಲ್ಲ ಬೆವರು. ಅದನ್ನು ಡಾಕ್ಟರು ನೋಡಲಿಲ್ಲ. ಅವರು ನೋಡಿದ್ದು ಹಾಸನ್ನು.

“ಪರವಾಗಿಲ್ವೇ! ನಮ್ಮ ಆಯಾ ಕೂಡ ಇಷ್ಟು ಚೆನ್ನಾಗಿ ಮಡಿಸಲ್ಲ” ಎಂದು ಮೆಚ್ಚಿಕೊಂಡರು. ಮತ್ತೆ ಏನೋ ಬರೆದರು.

ಹದಿನೈದು ದಿನಕ್ಕೆ ಉತ್ತರ ಬಂತು. ಕೆಲಸ ಮಾಡಲು ಶಕ್ತಳು, ಸಹಾಯವಿಲ್ಲದೆ ನಡೆಯುತ್ತಾಳೆ, ವ್ಯಾಯಾಮದ ವೆಚ್ಚದ ಅಗತ್ಯ ಕಂಡುಬರುವುದಿಲ್ಲ. ಓದಿ ಹೇಳಿದವರು ಭಾವ. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. “ಯಾಕೆ ಹಿಡಿದ್ಯೇ?” ಅಂದಳು. “ನೀನ್ಯಾಕೆ ಹಿಡಿದೆ?” ಅಂದೆ. ಇಬ್ಬರೂ ಅತ್ತೆವು.

ಇದಕ್ಕೆ ನಾನು ನನ್ನನ್ನು ಬೈದುಕೊಳ್ಳುವುದಿಲ್ಲ. ಎಲ್ಲರೂ ಹಾಗೇ ಎಂದುಕೊಂಡಿದ್ದಾರೆ, ನಾನು ಕೊರಗುತ್ತಿರಬೇಕು ಎಂದು. ಕೊರಗಬೇಕಾದವಳು ನಾನಲ್ಲ. ಕೈ ಸವೆಯುವಷ್ಟು ದುಡಿದವಳ ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಅದನ್ನು ನೋಡಿ ಕಾಲು ಸರಿಯಿದೆ ಎಂದು ಬರೆದವನು ಕೊರಗಲಿ.

ಆಸ್ಪತ್ರೆಯವರಿಗೂ ಆ ಉತ್ತರ ಹೋಯಿತು. ಶಕ್ತಳು ಎಂದಿದೆಯಲ್ಲ, ಕೆಲಸಕ್ಕೆ ಬನ್ನಿ ಎಂದರು. ಅಕ್ಕ ಹೋದಳು. ಮೆಷಿನ್ನಿನ ಮುಂದೆ ಒಂದು ಗಂಟೆ ನಿಂತು ಕುಸಿದಳು. ಮರುದಿನವೂ ಹೋದಳು, ಮತ್ತೆ ಕುಸಿದಳು. ಕೆಲಸಕ್ಕೆ ಸರಿಯಾಗಿ ಬರುತ್ತಿಲ್ಲ ಎಂದು ತೆಗೆದುಹಾಕಿದರು. ಕಾಲು ಅದೇ. ವಿಮೆಯವರಿಗೆ ಚೆನ್ನಾಗಿತ್ತು, ಮೇಸ್ತ್ರಿಗೆ ಕೆಟ್ಟಿತ್ತು. ಎರಡು ಕಡೆಯೂ ಲಾಭ ಅವರಿಗೇ.

ಮನೆಯೆಂದರೆ ಓಣಿಯ ಕೊನೆಯಲ್ಲಿ ಒಂದೇ ಕೋಣೆ. ಅಕ್ಕ ಮೂಲೆಯಲ್ಲಿ ಮಲಗಿದಳು. ಕಾಲು ಚಾಚಿದರೆ ನೋವು, ಸ್ವಲ್ಪ ಮಡಚಿದರೆ ಹಾಯೆನಿಸುತ್ತಿತ್ತು. ಅದಕ್ಕೆ ನಾನು ಹಳೆಯ ಹೊದಿಕೆಗಳನ್ನು ಮಡಿಸಿ ಅವಳ ಮೊಣಕಾಲಿನ ಕೆಳಗೆ ಇಟ್ಟೆ. ನೋವು ಹೆಚ್ಚಾದ ದಿನ ಭಾವ ತಮ್ಮ ದಿಂಬನ್ನೂ ಇಟ್ಟು ತಾವು ಬರಿನೆಲದಲ್ಲಿ ತಲೆಯಿಟ್ಟು ಮಲಗಿದರು. ಅಕ್ಕ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳಲ್ಲ ಎಂದು ನಮಗೆ ಸಮಾಧಾನ.

ಒಂದು ದಿನ ಮೊಗಸಾಲೆಯಲ್ಲಿ ಮೇಡಂ ಸಿಕ್ಕರು. “ಅಕ್ಕ ಹೇಗಿದಾರೆ?” ಎಂದು ಕೇಳಿದರು. ಈಗ ನೋವು ಕಡಿಮೆ ಎಂದೆ. ದಿಂಬಿನ ವಿಷಯ ಹೆಮ್ಮೆಯಿಂದ ಹೇಳಿದೆ. ಆಕೆಯ ಮುಖ ಇಳಿಯಿತು.

“ಎಷ್ಟು ದಿನದಿಂದ ಇಡ್ತಿದೀರಿ?”

“ಕೆಲಸದಿಂದ ತೆಗೆದಾಗಿಂದ ಮೇಡಂ. ಯಾಕೆ?”

ಆಕೆ ನನ್ನ ಭುಜ ಹಿಡಿದುಕೊಂಡು ಹೇಳಿದರು. ಕಾಲಿನ ಕೆಳಗೆ ಏನೂ ಇಡಬಾರದಿತ್ತು. ಮಡಚಿ ಇಟ್ಟರೆ ಮಡಚಿದ ಹಾಗೇ ಗಟ್ಟಿಯಾಗುತ್ತದೆ. ಮನೆಗೆ ಹೋದ ಮೇಲೂ ವ್ಯಾಯಾಮಕ್ಕೆ ಬರುತ್ತಿದ್ದರೆ ಮೊದಲ ದಿನವೇ ಹೇಳುವ ಮಾತು ಅದು. ಕೆಲಸದ ನೀರಿನಲ್ಲೇ ಕಾಲು ಆಡಿಸಿಕೊಳ್ಳಿ ಎಂದ ಸಾಹೇಬರು ಅದನ್ನು ಹೇಳಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಓಡಿ ಮನೆಗೆ ಬಂದು ದಿಂಬು, ಹೊದಿಕೆ ಎಲ್ಲ ಕಿತ್ತೆಸೆದೆ. ಅಕ್ಕನ ಕಾಲುಗಳು ಕೆಳಗೆ ಬೀಳಲಿಲ್ಲ. ಏನೂ ಇಲ್ಲದೆ ಹಾಗೇ ಮಡಚಿಕೊಂಡು ನಿಂತಿದ್ದವು.

ಭಾವ ಅದನ್ನು ನೋಡಿದರು. ತಮ್ಮ ದಿಂಬನ್ನು ಎತ್ತಿಕೊಂಡು ಹೊರಗೆ ಹೋದರು. ಓಣಿಯಲ್ಲಿ ಅದನ್ನು ಹಿಡಿದುಕೊಂಡು ಎಷ್ಟೋ ಹೊತ್ತು ನಿಂತಿದ್ದರು. ಆಮೇಲೆ ಅವರು ದಿಂಬು ಹಾಕಿಕೊಂಡು ಮಲಗಿದ್ದನ್ನು ನಾನು ಕಂಡಿಲ್ಲ.

ನಮ್ಮ ಓಣಿಗೆಲ್ಲ ಒಂದೇ ಕಕ್ಕಸು. ಅದು ಆ ತುದಿಗಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಭಾವ ಅಕ್ಕನನ್ನು ಬೆನ್ನಿನ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ಸಾಲಿನಲ್ಲಿ ನಿಂತವರು ದಾರಿ ಬಿಡುತ್ತಾರೆ. “ಲಿಫ್ಟ್ ಬಂತು, ಲಿಫ್ಟ್ ಬಂತು” ಎಂದು ಭಾವ ಕೂಗುತ್ತಾರೆ. ಜನ ನಗುತ್ತಾರೆ. ಅಕ್ಕ ಅವರ ಬೆನ್ನಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಒಳಗೆ ನಾನು ಹಿಡಿದುಕೊಂಡಿರಬೇಕು. ಕೂರಲಾಗುವುದಿಲ್ಲ, ನಿಲ್ಲಲಾಗುವುದಿಲ್ಲ. ಆಮೇಲೆ ನಾವಿಬ್ಬರೂ ಕೆಲಸಕ್ಕೆ ಹೋದರೆ ಸಂಜೆಯ ತನಕ ಅವಳೊಬ್ಬಳೇ. ಅದಕ್ಕೆ ಅವಳು ಹಗಲಿನಲ್ಲಿ ನೀರು ಕುಡಿಯುವುದನ್ನು ಬಿಟ್ಟಳು. ಬಾಯೆಲ್ಲ ಒಣಗಿರುತ್ತಿತ್ತು. ಕುಡಿ ಎಂದರೆ ಬಾಯಾರಿಕೆಯೇ ಇಲ್ಲ ಎಂದು ಸುಳ್ಳು ಹೇಳುತ್ತಿದ್ದಳು.

ನಾನು ಮತ್ತೆ ವಿಮೆಯ ಕಚೇರಿಗೆ ಹೋದೆ. ಮತ್ತೆ ತಪಾಸಣೆ. ಈ ಸಲ ಭಾವ ಹೊತ್ತುಕೊಂಡು ಒಳಗೆ ಹೋದರು. ಅದೇ ಡಾಕ್ಟರು. ಕಾಲನ್ನು ಎಳೆದು ನೋಡಿದರು, ಅದು ಅಲ್ಲಾಡಲಿಲ್ಲ. ಈಗ ವ್ಯಾಯಾಮದಿಂದ ಪ್ರಯೋಜನವಿಲ್ಲ ಎಂದರು. ಆದರೆ ಈಗ ಬೇರೆ ಸವಲತ್ತಿಗೆ ಅರ್ಹರಾಗಿದ್ದೀರಿ, ಗಾಲಿಕುರ್ಚಿ ಕೊಡುತ್ತಾರೆ, ಹೊಸದು ಎಂದರು. ಸಂತೋಷದ ಸುದ್ದಿ ಹೇಳುವವರ ಹಾಗೆ ಹೇಳಿದರು.

ಕುರ್ಚಿ ಬಂದ ದಿನ ನನಗೆ ರಜೆ, ಭಾವ ಕೆಲಸದಲ್ಲಿದ್ದರು. ಕುರ್ಚಿ ತಂದವನು ವ್ಯಾನನ್ನು ಓಣಿಯ ಬಾಯಲ್ಲಿ ನಿಲ್ಲಿಸಿ ಹೊತ್ತುಕೊಂಡೇ ಬಂದ. ಬೆವರಿದ್ದ. ಪ್ಲಾಸ್ಟಿಕ್ ಹೊದಿಕೆ ತೆಗೆದು ಬಾಗಿಲ ಮುಂದೆ ಇಟ್ಟ. ಥಳಥಳ ಹೊಳೆಯುತ್ತಿತ್ತು. ಅಕ್ಕಪಕ್ಕದವರು ಬಂದು ಮುಟ್ಟಿ ನೋಡಿದರು. ಅವನು ಫೋನು ತೆಗೆದ.

“ಫಲಾನುಭವಿ ಕುರ್ಚಿಲಿ ಕೂತಿರೋ ಫೋಟೋ ಬೇಕಮ್ಮ. ಸ್ವಲ್ಪ ನಗ್ತಾ ಇರ್ಲಿ.”

ನಾನು ಎತ್ತಲು ಹೋದೆ. ಅಕ್ಕ ನನ್ನ ಕೈ ತಳ್ಳಿದಳು. ಬಾಗಿಲ ತನಕ ತೆವಳಿದಳು. ಬಾಗಿಲ ಚೌಕಟ್ಟು ಹಿಡಿದು, ತೋಳಿನ ಬಲದ ಮೇಲೆ, ತನ್ನನ್ನು ತಾನೇ ಮೇಲಕ್ಕೆ ಎಳೆದುಕೊಂಡಳು. ಒದ್ದೆ ಬಟ್ಟೆ ಎಳೆದ ತೋಳು ಅದು. ಮಡಚಿದ ಕಾಲುಗಳ ತುದಿಬೆರಳು ನೆಲಕ್ಕೆ ತಾಗಿದವು. ನಿಂತಳು.

“ಹೀಗೇ ತೆಗೀರಿ.”

“ನಿಂತ್ರೆ ಆಗಲ್ಲಮ್ಮ. ನಿಲ್ಲೋಕಾಗುತ್ತೆ ಅಂದ್ರೆ ಕುರ್ಚಿ ಯಾಕೆ ಕೊಟ್ರಿ ಅಂತ ನನ್ನ ಕೇಳ್ತಾರೆ.”

“ನಡಿಯೋಕೆ ಸಹಾಯ ಮಾಡಿ ಅಂತ ಕೇಳ್ದೆ. ನಡೀತೀಯಲ್ಲ, ಯಾಕೆ ಅಂದ್ರು. ಈಗ ನಡಿಯೋಕಾಗಲ್ಲ. ಕೂತ್ಕೊ ಅಂತಾರೆ. ಕೂತು ನಗು ಅಂತಾರೆ. ನಾನು ನಗಲ್ಲ ಅಣ್ಣ.”

“ನನ್ ಮೇಲ್ಯಾಕಮ್ಮ ಸಿಟ್ಟು?”

“ನಿಮ್ ಮೇಲಲ್ಲ. ನೀವು ಪಾಪ, ಹೊತ್ಕೊಂಡು ಬಂದೋರು. ಅಲ್ಲಿ ಹೋಗಿ ಹೇಳಿ. ನನ್ನ ಕಾಲು ತಿಂದು ಕುರ್ಚಿ ಕೊಡೋದು ಬೇಡ. ತಗೊಂಡ್ಹೋಗಿ.”

ಅವನು ಪ್ಲಾಸ್ಟಿಕ್ ಹೊದಿಕೆಯನ್ನು ಮತ್ತೆ ಸುತ್ತಿದ. ಕುರ್ಚಿ ಹೊತ್ತುಕೊಂಡು ಹೋದ. ನನ್ನ ಎದೆ ಉಬ್ಬಿತ್ತು. ಇಷ್ಟು ದಿನ ಕೈಮುಗಿದದ್ದಕ್ಕೆಲ್ಲ ಅಕ್ಕ ಒಂದೇ ಏಟಿಗೆ ಉತ್ತರ ಕೊಟ್ಟಳು ಅನ್ನಿಸಿತು. ಪಕ್ಕದ ಮನೆಯಾಕೆ “ಭಲೇ ಹೆಂಗಸೇ” ಅಂದಳು. ವ್ಯಾನು ಹೊರಟ ಸದ್ದು ಕೇಳುವ ತನಕ ಅಕ್ಕ ಹಾಗೇ ನಿಂತಿದ್ದಳು. ಆಮೇಲೆ ಜನ ಚದುರಿದರು.

“ಬಾಗಿಲು ಹಾಕು” ಎಂದಳು.

ಹಾಕಿದೆ.

“ಹಿಡ್ಕೊಳ್ಳೇ.”

ಹಿಡಿದುಕೊಂಡೆ. ಅವಳ ಭಾರವೆಲ್ಲ ಒಮ್ಮೆಗೇ ನನ್ನ ಮೇಲೆ ಬಿತ್ತು. ಇಬ್ಬರೂ ನೆಲಕ್ಕೆ ಕುಸಿದೆವು. ಆಗ ಗೊತ್ತಾಯಿತು, ಅವಳ ಬಟ್ಟೆ ಒದ್ದೆಯಾಗಿತ್ತು. ನಿಂತಿದ್ದಾಗಲೇ ಆಗಿಹೋಗಿತ್ತು. ಅಷ್ಟು ಜನರ ಮುಂದೆ ಅದನ್ನು ಬಚ್ಚಿಟ್ಟುಕೊಂಡು ಆ ಮಾತೆಲ್ಲ ಆಡಿದ್ದಳು. ನಾನು ಅವಳ ಬಟ್ಟೆ ಬಿಚ್ಚಿದೆ. ಒರೆಸಿದೆ. ಯಾರು ಯಾರದೋ ಉಚ್ಚೆ ಬಟ್ಟೆ ಒಗೆದ ಕೈಗಳು ಇವು. ಬೇರೆ ಬಟ್ಟೆ ಹಾಕಿ ಮಲಗಿಸಿದೆ. ಅವಳು ಗೋಡೆಯ ಕಡೆ ತಿರುಗಿಕೊಂಡಳು.

ಆಮೇಲೆ ಹೇಳಿದಳು.

“ನಾಳೆ ಹೋಗಿ ಆ ಕುರ್ಚಿ ಕೇಳ್ಕೊಂಡು ಬಾ.”

ನನಗೆ ಅರ್ಥವಾಗಲಿಲ್ಲ. “ಬೇಡ ಅಂದ್ಯಲ್ಲ ಅಕ್ಕ?”

“ಅಂದೆ. ಅನ್ಬೇಕಾಗಿತ್ತು, ಅಂದೆ.” ಅವಳ ದನಿ ಒಡೆದಿತ್ತು. “ಆದ್ರೆ ನಾನು ಕಕ್ಕಸಿಗೆ ಹೋಗ್ಬೇಕು ಕಣೇ. ಅವರ ಬೆನ್ನು ಎಷ್ಟು ದಿನ ತಾಳುತ್ತೆ? ನಂಗೆ ಒಂದು ಲೋಟ ನೀರು ಕುಡೀಬೇಕು.”

ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟೆ.

“ಅಲ್ಲಿ ಹೋಗಿ ಏನಂತ ಕೇಳ್ಲಿ?”

ಅವಳು ತಿರುಗಲಿಲ್ಲ. ಗೋಡೆಗೇ ಹೇಳಿದಳು.

“ನಮ್ಮಕ್ಕ ಗೊತ್ತಿಲ್ದೆ ಎದ್ದು ನಿಂತ್ಲು ಸರ್, ಇನ್ಮೇಲೆ ನಿಲ್ಲಲ್ಲ ಅನ್ನು.”